ಯಾಘನ್ ಭಾಷೆಯ ಸಾವು: ‘ಸಹಜ’ವೆಂಬ ಸುಳ್ಳು

2022ರ ಫೆಬ್ರವರಿ 16ರಂದು ಚಿಲಿ ದೇಶದ ದಕ್ಷಿಣ ತುದಿಯಲ್ಲಿರುವ ಪುಂತಾ ಅರೆನಾಸ್ ಪಟ್ಟಣದಲ್ಲಿ ಕ್ರಿಸ್ತಿನಾ ಕಾಲ್ದೆರೋನ್ ಎಂಬ ವೃದ್ಧೆ ತೀರಿಕೊಂಡರು. ವಯಸ್ಸು 93. ಕಾರಣ, ಕೋವಿಡ್ ಸೋಂಕು ತಂದ ತೊಡಕುಗಳು. ಆ ಕಾಲದಲ್ಲಿ ಹಾಗೆ ತೀರಿಕೊಂಡ ಲಕ್ಷಾಂತರ ವೃದ್ಧರ ನಡುವೆ ಅವರ ಹೆಸರೂ ಕರಗಿಹೋಗುತ್ತಿತ್ತೋ ಏನೋ. ಆದರೆ ಯಾಘನ್ ಎಂಬ ಭಾಷೆಯನ್ನು ಹುಟ್ಟುಮಾತಾಗಿ ಕಲಿತು ನಿರರ್ಗಳವಾಗಿ ಆಡಬಲ್ಲವರು ಇಡೀ ಭೂಮಂಡಲದಲ್ಲಿ ಅವರೊಬ್ಬರೇ ಉಳಿದಿದ್ದರು. ಆದ್ದರಿಂದ ಜಗತ್ತಿನ ಪತ್ರಿಕೆಗಳು ಹೆಚ್ಚುಕಡಿಮೆ ಒಂದೇ ಬಗೆಯ ಶೀರ್ಷಿಕೆಯನ್ನು ಅಚ್ಚುಮಾಡಿದವು: ಕೊನೆಯ ಮಾತುಗಾರ್ತಿಯ ನಿಧನ, ಅಳಿದುಹೋಯಿತು ಒಂದು ಭಾಷೆ.

ಕೆಲವು ದಿನಗಳ ಹಿಂದೆ ಮನೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ಈ ವಿಷಯ ಪ್ರಸ್ತಾಪಕ್ಕೆ ಬಂತು. ಬುದ್ಧಿವಂತ, ಓದಿಕೊಂಡವನು, ಒಳ್ಳೆಯ ಉದ್ಯೋಗದಲ್ಲಿರುವವನು. ಅವನು ನಿರಾಳವಾಗಿ ಹೇಳಿದ: “ಇದಕ್ಕೆಲ್ಲ ಯಾಕೆ ಸಾರ್ ವ್ಯಥೆಪಡಬೇಕು? ಪ್ರಾಣಿಗಳು ಅಳಿದ ಹಾಗೆ ಭಾಷೆಗಳೂ ಅಳಿಯುತ್ತವೆ. ಬಲವಿದ್ದದ್ದು ಉಳಿಯುತ್ತದೆ. ಅವರನ್ನು ಯಾರೂ ಬಲವಂತ ಮಾಡಲಿಲ್ಲವಲ್ಲ, ಅವರೇ ತಮ್ಮ ಮಕ್ಕಳಿಗೆ ಹೇಳಿಕೊಡಲಿಲ್ಲ. ಹೇಗೂ ನಿಘಂಟು ಇದೆ, ಧ್ವನಿಮುದ್ರಣ ಇದೆ, ಬೇಕಾದವರು ನೋಡಿಕೊಳ್ಳಬಹುದು.”

ಅವನ ಮೇಲೆ ನನಗೆ ಸಿಟ್ಟಿಲ್ಲ. ಇದು ಅವನೊಬ್ಬನ ಮಾತಲ್ಲ. ನಿಮ್ಮಲ್ಲಿಯೂ ಅನೇಕರು, ನನ್ನ ಬಂಧುವರ್ಗದಲ್ಲಿಯೂ ಕೆಲವರು, ಇದನ್ನೇ ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿರುವುದನ್ನು ಕೇಳಿದ್ದೇನೆ. ಆ ಮಾತಿನ ಮೇಲೆ ಮಾತ್ರ ನನಗೆ ಬಲವಾದ ಸಿಟ್ಟಿದೆ. ಮೇಲುನೋಟಕ್ಕೆ ವಿಜ್ಞಾನದಂತೆ ಕಾಣುವ ಈ ಮೂರು ವಾಕ್ಯಗಳು ಮೂರು ಸುಳ್ಳುಗಳು. ಯಾಘನ್ ಭಾಷೆಯ ಕಥೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಭೂಪಟವನ್ನು ಬಿಚ್ಚಿಟ್ಟುಕೊಳ್ಳಿ. ದಕ್ಷಿಣ ಅಮೆರಿಕ ಖಂಡ ಕೆಳಗಿಳಿಯುತ್ತಾ ಸಣ್ಣದಾಗಿ ಕೊನೆಗೆ ಒಡೆದ ಗಾಜಿನ ಚೂರುಗಳಂತೆ ದ್ವೀಪಗಳಾಗಿ ಚದುರಿಹೋಗುವ ಜಾಗವಿದೆಯಲ್ಲ, ಅದು ಟಿಯೆರ್ರಾ ಡೆಲ್ ಫ್ಯೂಗೊ, ಅಂದರೆ ಬೆಂಕಿಯ ನಾಡು. 1520ರಲ್ಲಿ ಆ ದಾರಿಯಾಗಿ ಹಾದುಹೋದ ಮೆಗಲನ್ನನ ಹಡಗಿನವರಿಗೆ ದಡದುದ್ದಕ್ಕೂ ಬೆಂಕಿಗಳು ಕಂಡವಂತೆ. ಆ ಹೆಸರು ಹಾಗೆ ಬಂತು. ಆ ನಾಡಿನ ದಕ್ಷಿಣದ ಅಂಚಿನಲ್ಲಿ, ಈಗ ಬೀಗಲ್ ಕಾಲುವೆ ಎಂದು ಕರೆಯುವ ಕಡಲದಾರಿಯಿಂದ ಹಾರ್ನ್ ಭೂಶಿರದವರೆಗೆ, ಯಾಘನ್ನರು ವಾಸಿಸುತ್ತಿದ್ದರು. ದೋಣಿಯನ್ನು ನಂಬಿ ಬದುಕುವ ಜನ ಆ ದಡಗಳಲ್ಲಿ ಆರು ಸಾವಿರ ವರ್ಷಗಳ ಹಿಂದೆಯೇ ಇದ್ದರೆಂದು ಉತ್ಖನನಗಳು ತೋರಿಸಿವೆ. ಮರದ ತೊಗಟೆಯನ್ನು ಹೊಲಿದು ಮಾಡಿದ ದೋಣಿ. ಅದರ ನಡುವೆ ಮಣ್ಣು ಮರಳಿನ ಹಾಸು ಮಾಡಿ ಅದರ ಮೇಲೆ ಆರದಂತೆ ಕಾಪಾಡಿದ ಬೆಂಕಿ. ಹುಟ್ಟು ಹಾಕುವವಳು ಹೆಂಗಸು, ಮುಂದೆ ಈಟಿ ಹಿಡಿದು ಸೀಲ್ ಪ್ರಾಣಿಯನ್ನು ಹೊಂಚುಹಾಕುವವನು ಗಂಡಸು. ಹಿಮದಂತೆ ಕೊರೆಯುವ ನೀರಿಗೆ ಧುಮುಕಿ ಚಿಪ್ಪುಜೀವಿಗಳನ್ನು ಆಯ್ದು ತರುವವಳೂ ಹೆಂಗಸೇ. ಚಳಿಗೆ ರಕ್ಷಣೆಯೆಂದರೆ ಮೈಗೆ ಬಳಿದ ಸೀಲಿನ ಕೊಬ್ಬು ಮತ್ತು ಹೊದೆಯಲೊಂದು ತೊಗಲು. ನಮ್ಮಲ್ಲಿ ಯಾರೂ ಒಂದು ರಾತ್ರಿ ಕಳೆಯಲಾಗದ ಕಡೆ ಅವರು ಸಾವಿರಾರು ವರ್ಷ ಸಂಸಾರ ನಡೆಸಿದರು. ‘ಬಲವಿದ್ದದ್ದು ಉಳಿಯುತ್ತದೆ’ ಎನ್ನುವವರು ಈ ಸಂಗತಿಯನ್ನು ಮೊದಲು ಮನನ ಮಾಡಬೇಕು.

ಇಂಥ ಜನರನ್ನು ಕಂಡು ಚಾರ್ಲ್ಸ್ ಡಾರ್ವಿನ್ ಏನು ಬರೆದ ಎಂಬುದು ಪ್ರಸಿದ್ಧವಾಗಿದೆ. 1832ರ ಡಿಸೆಂಬರಿನಲ್ಲಿ ‘ಬೀಗಲ್’ ಹಡಗಿನಲ್ಲಿ ಆ ನಾಡನ್ನು ಮುಟ್ಟಿದಾಗ ಅವನು ಇಪ್ಪತ್ತಮೂರು ವರ್ಷದ ತರುಣ. ಅಲ್ಲಿಯ ಜನರ ಮಾತು ಅವನ ಕಿವಿಗೆ ಗಂಟಲು ಕ್ಯಾಕರಿಸುವ ಸದ್ದಿನಂತೆ ಕೇಳಿಸಿತು. ಅದನ್ನು ಸ್ಪಷ್ಟೋಚ್ಚಾರದ ಭಾಷೆ ಎನ್ನುವುದೇ ಕಷ್ಟವೆಂದು ಅವನು ತನ್ನ ಪ್ರವಾಸಕಥನದಲ್ಲಿ ಬರೆದ. ಆದರೆ ಅದೇ ಪುಸ್ತಕದ ಅದೇ ಭಾಗದಲ್ಲಿ ಇನ್ನೊಂದು ಸಂಗತಿಯನ್ನೂ ಅವನು ಪ್ರಾಮಾಣಿಕವಾಗಿ ದಾಖಲಿಸಿದ್ದಾನೆ. ನಾವಿಕರು ಆಡಿದ ಇಂಗ್ಲಿಷ್ ವಾಕ್ಯವನ್ನು ಆ ಜನ ಒಮ್ಮೆ ಕೇಳಿ ಒಂದು ಮಾತೂ ತಪ್ಪದಂತೆ ಮರಳಿ ನುಡಿಯುತ್ತಿದ್ದರು. ಅವರ ವಾಕ್ಯದ ನಾಲ್ಕು ಮಾತನ್ನು ಹಿಂಬಾಲಿಸಲು ಮಾತ್ರ ಯುರೋಪಿನವರಿಂದ ಆಗುತ್ತಿರಲಿಲ್ಲ. ಹಾಗಾದರೆ ಕೊರತೆ ಇದ್ದುದು ಯಾರ ನಾಲಿಗೆಯಲ್ಲಿ, ಯಾರ ಕಿವಿಯಲ್ಲಿ? ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಡಾರ್ವಿನ್ನನ ಆ ಮಾತಿಗೆ ಉತ್ತರ ಕೊಟ್ಟವನು ಇನ್ನೊಬ್ಬ ಇಂಗ್ಲಿಷಿನವನೇ. ಥಾಮಸ್ ಬ್ರಿಜಸ್ ಎಂಬ ಹುಡುಗ 1856ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ತನ್ನ ಸಾಕುತಂದೆಯಾದ ಪಾದ್ರಿಯೊಡನೆ ಫಾಕ್‌ಲೆಂಡ್ ದ್ವೀಪಸಮೂಹದ ಕೆಪೆಲ್ ದ್ವೀಪಕ್ಕೆ ಬಂದ. ಅಲ್ಲಿಯ ಮಿಷನ್ನಿಗೆ ಕರೆತಂದಿದ್ದ ಯಾಘನ್ನರೊಡನೆ ಬೆರೆತು ಅವರ ಮಾತನ್ನು ಕಲಿತ. ಮುಂದೆ 1871ರಲ್ಲಿ ಉಶುವಾಯಾದಲ್ಲಿ ಸಂಸಾರ ಸಮೇತ ನೆಲೆಸಿ, ಜೀವಮಾನವಿಡೀ ಪದಗಳನ್ನು ಬರೆದಿಟ್ಟ. ಅವನ ಹಸ್ತಪ್ರತಿಯಲ್ಲಿರುವ ಯಾಘನ್ ಪದಗಳ ಸಂಖ್ಯೆ 32,000ಕ್ಕೂ ಹೆಚ್ಚು. ಡಾರ್ವಿನ್ನನಿಗೆ ಕ್ಯಾಕರಿಕೆಯಂತೆ ಕೇಳಿಸಿದ ಭಾಷೆ ಇದು!

ಆ ಭಾಷೆಯ ಒಳಗನ್ನು ಸ್ವಲ್ಪ ನೋಡಿ. ಬ್ರಿಜಸನ ಮಗ ಲೂಕಸ್ ಆ ಮಾತನ್ನು ಆಡುತ್ತಲೇ ಬೆಳೆದವನು. 1948ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದರ ಬಗ್ಗೆ ಬರೆದಿದ್ದಾನೆ. ಹಿಮಕ್ಕೆ ಕನಿಷ್ಠ ಐದು ಹೆಸರುಗಳು. ಕಡಲದಂಡೆಗೆ ಅದಕ್ಕಿಂತಲೂ ಹೆಚ್ಚು: ದಂಡೆ ಮಾತಾಡುವವನಿಂದ ಯಾವ ದಿಕ್ಕಿಗಿದೆ, ನಡುವೆ ನೀರಿದೆಯೇ ನೆಲವಿದೆಯೇ ಎಂಬುದರ ಮೇಲೆ ಪದ ಬದಲಾಗುತ್ತದೆ. ಮಾತಾಡುವವನು ದೋಣಿಯಲ್ಲಿದ್ದರೆ ಒಂದು ಮಾತು, ದಡದಲ್ಲಿದ್ದರೆ ಮತ್ತೊಂದು. ಬಂಧುತ್ವವನ್ನು ಸೂಚಿಸುವ ಪದಗಳೇ ಐವತ್ತಕ್ಕೂ ಮೇಲೆ. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಂದು ವಿಂಗಡಿಸಿ ಕರೆಯುವ ನಮಗೆ ಆ ಸೊಗಸು ಬೇಗ ಅರ್ಥವಾಗಬೇಕು. ಎಲ್ಲರನ್ನೂ ‘ಆಂಟಿ’ ಎಂಬ ಒಂದೇ ಚೀಲಕ್ಕೆ ತುಂಬುವ ಭಾಷೆ ಮುಂದುವರಿದದ್ದು, ಇದು ಹಿಂದುಳಿದದ್ದು ಎಂದು ಅಳೆದವರು ಯಾವ ಕೋಲಿನಿಂದ ಅಳೆದರು?

ಈ 32,000 ಪದಗಳಲ್ಲಿ ಜಗತ್ತು ನೆನಪಿಟ್ಟುಕೊಂಡದ್ದು ಒಂದನ್ನು ಮಾತ್ರ. ‘ಮಮಿಹ್ಲಾಪಿನತಪಾಯಿ’ ಎಂಬ ಆ ಪದಕ್ಕೆ, ಇಬ್ಬರೂ ಬಯಸುವ ಆದರೆ ತಾನಾಗಿ ಮೊದಲು ಮಾಡಲು ಇಬ್ಬರೂ ಹಿಂಜರಿಯುವ ಕೆಲಸವೊಂದನ್ನು ಎದುರಿನವನೇ ಆರಂಭಿಸಲಿ ಎಂದು ಪರಸ್ಪರ ಮುಖ ನೋಡುವುದು ಎಂದು ಅರ್ಥ ಹೇಳುತ್ತಾರೆ. ಅನುವಾದಕ್ಕೆ ಒಗ್ಗದ, ಅತ್ಯಂತ ಅಡಕವಾದ ಪದವೆಂದು ಗಿನ್ನೆಸ್ ದಾಖಲೆಗಳ ಪುಸ್ತಕ ಅದಕ್ಕೆ ಜಾಗ ಕೊಟ್ಟಿತು. ಇಂದು ಅಂತರಜಾಲದ ‘ಸುಂದರ ಪದಗಳ’ ಪಟ್ಟಿಗಳಲ್ಲೆಲ್ಲ ಅದು ಸಿಗುತ್ತದೆ. ಪದವನ್ನು ಮೆಚ್ಚಿದವರು ಲಕ್ಷಾಂತರ ಮಂದಿ. ಅದನ್ನು ಆಡುವವರು ಎಷ್ಟು ಮಂದಿ ಉಳಿದಿದ್ದಾರೆಂದು ಕೇಳಿದವರು ಬೆರಳೆಣಿಕೆ. ಮನೆ ಸುಡುತ್ತಿರುವಾಗ ಒಳಗಿನ ಜನರನ್ನು ಬಿಟ್ಟು ಗೋಡೆಯ ಕನ್ನಡಿಯೊಂದನ್ನು ಎತ್ತಿಕೊಂಡು ಬಂದು ಅದರ ಅಂದವನ್ನು ಹೊಗಳುವ ರಸಿಕತೆ ನನಗೆ ಸಹ್ಯವಾಗುವುದಿಲ್ಲ.

ಆದ್ದರಿಂದ ಭಾಷೆ ದುರ್ಬಲವಾಗಿತ್ತು, ಅಳಿಯಿತು ಎಂಬುದು ಮೊದಲ ಸುಳ್ಳು. ಹಾಗಾದರೆ ಏನಾಯಿತು? ಆಡುವ ಜನ ಸತ್ತರು. ಹೇಗೆ ಸತ್ತರೆಂಬುದು ಗುಟ್ಟಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು ಮತ್ತು ಉತ್ತರ ಅಮೆರಿಕದ ಬೇಟೆಯ ಹಡಗುಗಳು ಆ ಕಡಲಿನಲ್ಲಿ ತುಪ್ಪಳಕ್ಕಾಗಿ ಸೀಲುಗಳನ್ನೂ ಎಣ್ಣೆಗಾಗಿ ತಿಮಿಂಗಿಲಗಳನ್ನೂ ರಾಶಿರಾಶಿಯಾಗಿ ಕೊಂದವು. ಯಾಘನ್ನರಿಗೆ ಅವು ಆಹಾರ, ಚಳಿಯ ಮದ್ದು, ಹೊದಿಕೆ ಎಲ್ಲವೂ ಆಗಿದ್ದವು. ಅನ್ನದ ಮಡಕೆಯೇ ಒಡೆದ ಮೇಲೆ ರೋಗಗಳು ಬಂದವು. ದೋಣಿಗಳಲ್ಲಿ ಚದುರಿ ಬದುಕುತ್ತಿದ್ದವರನ್ನು ಮಿಷನ್ನು ಒಂದೆಡೆ ನೆಲೆಯೂರಿಸಿತು, ಬಟ್ಟೆ ತೊಡಿಸಿತು; ಸದಾ ತೊಯ್ಯುವ ಬಟ್ಟೆಯಲ್ಲಿ, ಒತ್ತೊತ್ತಾದ ವಸತಿಯಲ್ಲಿ ಕ್ಷಯ ಹಬ್ಬಿತು. 1881ರಲ್ಲಿ ಚಿಲಿ ಮತ್ತು ಅರ್ಜೆಂಟೀನ ದೇಶಗಳು ಒಪ್ಪಂದ ಮಾಡಿಕೊಂಡು ಆ ನಾಡಿನ ನಡುವೆ ಗೆರೆ ಎಳೆದವು. ಅಲ್ಲಿ ವಾಸಿಸುವವರನ್ನು ಯಾರೂ ಕೇಳಲಿಲ್ಲ. 1884ರಲ್ಲಿ ಅರ್ಜೆಂಟೀನದ ನೌಕಾಪಡೆಯ ಹಡಗುಗಳು ಉಶುವಾಯಾಕ್ಕೆ ಬಂದು ಧ್ವಜ ಹಾರಿಸಿದವು. ಅವುಗಳ ಬೆನ್ನಿಗೇ ದಡಾರ ಬಂತು. ನಮ್ಮ ಮಕ್ಕಳು ಹತ್ತು ದಿನ ಮಲಗಿ ಎದ್ದುಬಿಡುವ ಕಾಯಿಲೆ, ಅದನ್ನೆಂದೂ ಕಾಣದ ಜನರಲ್ಲಿ ಮಾರಿಯಾಯಿತು. ಹೂಳುವವರಿಲ್ಲದಷ್ಟು ಹೆಣ ಬಿದ್ದವು.

ಲೆಕ್ಕ ನೋಡಿ. ಆ ಶತಮಾನದ ಮಧ್ಯಭಾಗದಲ್ಲಿ ಯಾಘನ್ನರು ಸುಮಾರು 3,000 ಮಂದಿ ಇದ್ದರೆಂದು ಅಂದಾಜು. 1884ರ ಹೊತ್ತಿಗೆ ಸುಮಾರು ಸಾವಿರ. 1918ರಿಂದ 1924ರ ನಡುವೆ ನಾಲ್ಕು ಬಾರಿ ಆ ನಾಡಿಗೆ ಹೋಗಿ ಅವರ ಆಚಾರವಿಚಾರಗಳನ್ನು ದಾಖಲಿಸಿದ ಪಾದ್ರಿ ಹಾಗೂ ಮಾನವಶಾಸ್ತ್ರಜ್ಞ ಮಾರ್ಟಿನ್ ಗುಸಿಂಡೆಯ ಕಾಲಕ್ಕೆ ನೂರಕ್ಕಿಂತ ಕಡಿಮೆ. ಎರಡು ಮೂರು ತಲೆಮಾರಿನಲ್ಲಿ ಮೂವತ್ತು ಮಂದಿಯಲ್ಲಿ ಇಪ್ಪತ್ತೊಂಬತ್ತು ಮಂದಿ ಇಲ್ಲವಾದರೆ ಅದನ್ನು ‘ವಿಕಾಸ’ ಎನ್ನುತ್ತೀರಾ? ಶಾಲೆಯಲ್ಲಿ ಜೀವವಿಕಾಸದ ಪಾಠ ಕೇಳಿದ ನೀವು ಒಂದನ್ನು ಮರೆಯಬಾರದು: ಪ್ರಕೃತಿಯ ಆಯ್ಕೆ ಎಂಬುದು ಪ್ರಕೃತಿಯ ಕೆಲಸ. ತುಪ್ಪಳದ ವ್ಯಾಪಾರಿಯ ಕೆಲಸಕ್ಕೆ, ಗಡಿ ಎಳೆಯುವ ಸರ್ಕಾರದ ಕೆಲಸಕ್ಕೆ ಆ ಹೆಸರು ಸಲ್ಲದು. ಇದೇ ದ್ವೀಪಸಮೂಹದ ಉತ್ತರದ ಬಯಲಿನಲ್ಲಿದ್ದ ಸೆಲ್ಕ್‌ನಾಮ್ ಜನರ ಕಥೆ ಇನ್ನೂ ಘೋರ. ಅವರ ನೆಲವನ್ನು ಕುರಿಸಾಕಣೆಯ ಕಂಪನಿಗಳು ಹಿಡಿದವು. ಜನರನ್ನು ಬೇಟೆಯಾಡಿ ಕೊಂದವರಿಗೆ ತಲೆಗಿಷ್ಟು ಎಂದು ಹಣ ಕೊಡಲಾಯಿತು. ಅವರ ಭಾಷೆಯೂ ಉಳಿಯಲಿಲ್ಲ. ಅದು ವ್ಯಾಕರಣದ ದೋಷದಿಂದ ಅಳಿಯಿತೆಂದು ಹೇಳುವ ಧೈರ್ಯ ಯಾರಿಗಿದೆ?

ಈಗ ಎರಡನೆಯ ಮಾತು: ‘ಅವರೇ ಬಿಟ್ಟರು.’ ಮೂರರಲ್ಲಿ ಇದೇ ಹೆಚ್ಚು ವಿಷವುಳ್ಳದ್ದು; ಏಕೆಂದರೆ ಇದರಲ್ಲಿ ಒಂದಂಶ ನಿಜವಿದೆ. ಬದುಕುಳಿದ ಯಾಘನ್ನರಲ್ಲಿ ಬಹಳ ಮಂದಿ ತಮ್ಮ ಮಕ್ಕಳೊಡನೆ ಸ್ಪ್ಯಾನಿಷ್ ಮಾತಾಡಿದರು. ಆದರೆ ಯಾಕೆ ಎಂದು ಕೇಳಬೇಡವೇ?

ಯಾಘನ್ ಹುಡುಗನೊಬ್ಬನ ಆಂಗ್ಲ ವಿದ್ಯಾಭ್ಯಾಸದ ಕಥೆ ನಮ್ಮೆದುರಿಗಿದೆ. 1830ರಲ್ಲಿ ‘ಬೀಗಲ್’ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಆ ನಾಡಿನ ನಾಲ್ವರನ್ನು ಇಂಗ್ಲೆಂಡಿಗೆ ಕೊಂಡೊಯ್ದ. ಅವರಲ್ಲೊಬ್ಬ ಒರುಂಡೆಲಿಕೊ ಎಂಬ ಯಾಘನ್ ಬಾಲಕ, ಸುಮಾರು ಹದಿನಾಲ್ಕರವನು. ಅವನಿಗೆ ಪ್ರತಿಯಾಗಿ ಒಂದು ಮುತ್ತಿನ ಚಿಪ್ಪಿನ ಗುಂಡಿಯನ್ನು ಕೊಟ್ಟರೆಂದು ಅವನ ಹೆಸರನ್ನೇ ‘ಜೆಮ್ಮಿ ಬಟನ್’ ಎಂದು ಬದಲಿಸಿದರು. ನಾಲ್ವರಲ್ಲೊಬ್ಬ ಸಿಡುಬಿನಿಂದ ಅಲ್ಲಿಯೇ ಸತ್ತ. ಉಳಿದ ಮೂವರನ್ನು ವಾಲ್ಥಮ್‌ಸ್ಟೋವಿನ ಶಾಲೆಗೆ ಹಾಕಿದರು, ಅರಸನಿಗೂ ತೋರಿಸಿದರು. 1833ರ ಜನವರಿಯಲ್ಲಿ ಜೆಮ್ಮಿಯನ್ನು ಅವನ ತಾಯಿ ಮತ್ತು ಅಣ್ಣತಮ್ಮಂದಿರ ಮುಂದೆ ತಂದು ನಿಲ್ಲಿಸಿದಾಗ ಅವನಿಗೆ ತನ್ನ ಮಾತು ಹೆಚ್ಚುಕಡಿಮೆ ಮರೆತೇಹೋಗಿತ್ತು. ಒಡಹುಟ್ಟಿದವನೊಡನೆ ಇಂಗ್ಲಿಷಿನಲ್ಲಿ ಮಾತಾಡಿ, ನಿನಗೆ ತಿಳಿಯದೇ ಎಂದು ಸ್ಪ್ಯಾನಿಷಿನಲ್ಲಿ ಕೇಳಿದನಂತೆ. ಈ ದೃಶ್ಯ ನಗು ತರಿಸುವಂತಿತ್ತು, ಕನಿಕರ ಹುಟ್ಟಿಸುವಂತೆಯೂ ಇತ್ತು ಎಂದು ಡಾರ್ವಿನ್ ಬರೆದಿದ್ದಾನೆ. ಇಡೀ ಜೀವನ ತರಗತಿಯ ಕೋಣೆಯಲ್ಲಿ ಕಳೆದ ನನಗೆ ಅದರಲ್ಲಿ ನಗುವ ಅಂಶ ಒಂದಿಷ್ಟೂ ಕಾಣುವುದಿಲ್ಲ. ಎರಡೂವರೆ ವರ್ಷದ ಪರದೇಶವಾಸ ಮತ್ತು ವಿದ್ಯಾಭ್ಯಾಸ ಸಾಕಾಯಿತು, ಹುಡುಗನೊಬ್ಬ ತಾಯಿಯ ಮುಂದೆ ಮೂಗನಾಗಿ ನಿಲ್ಲಲು!

ಜೆಮ್ಮಿಯ ಕಥೆಯ ಮುಂದಿನ ಭಾಗವನ್ನು ಹೇಳುವವರು ಕಡಿಮೆ. 1834ರ ಮಾರ್ಚಿನಲ್ಲಿ ಹಡಗು ಮತ್ತೆ ಬಂದಾಗ ಅವನು ಇಂಗ್ಲೆಂಡಿನ ಉಡುಪನ್ನು ಬಿಟ್ಟು ತನ್ನವರಂತೆಯೇ ಇದ್ದ, ಮದುವೆಯಾಗಿದ್ದ, ತನ್ನ ಮಾತನ್ನು ಸ್ವಲ್ಪಮಟ್ಟಿಗೆ ಮರಳಿ ಪಡೆದಿದ್ದ. ಇಂಗ್ಲೆಂಡಿಗೆ ಬರುತ್ತೀಯಾ ಎಂದರೆ ಒಲ್ಲೆನೆಂದ. ಅಂದರೆ ಸುತ್ತಲೂ ಆಡುವ ಜನರಿದ್ದರೆ, ಆಡಿದರೆ ಅವಮಾನವಿಲ್ಲದಿದ್ದರೆ, ಮರೆತ ಮಾತು ಒಂದೇ ವರ್ಷದಲ್ಲಿ ಮರಳತೊಡಗುತ್ತದೆ. ‘ಅವರೇ ಬಿಟ್ಟರು’ ಎನ್ನುವವರಿಗೆ ಜೆಮ್ಮಿಯೇ ಉತ್ತರ.

ಇಪ್ಪತ್ತನೆಯ ಶತಮಾನದ ಯಾಘನ್ ಮಗುವಿಗೆ ಆ ಅವಕಾಶವಿರಲಿಲ್ಲ. ಶಾಲೆ ಸ್ಪ್ಯಾನಿಷಿನದು, ಕಚೇರಿ ಸ್ಪ್ಯಾನಿಷಿನದು, ಕೂಲಿ ಕೊಡುವ ಕುರಿದೊಡ್ಡಿಯ ಒಡೆಯನೂ ಸ್ಪ್ಯಾನಿಷಿನವನು. 1950ರ ದಶಕದಲ್ಲಿ ನವರಿನೊ ದ್ವೀಪದ ಮೇಲೆ ಚಿಲಿಯ ನೌಕಾನೆಲೆಯಾಗಿ ಪುಯೆರ್ತೊ ವಿಲಿಯಮ್ಸ್ ಎದ್ದಿತು. ಮುಂದೆ ಮೆಹಿಯೋನೆಸ್ ಕೊಲ್ಲಿಯಲ್ಲಿದ್ದ ಯಾಘನ್ ಕುಟುಂಬಗಳನ್ನು ಅದರ ಅಂಚಿನ ಉಕಿಕಾ ಎಂಬ ಕೇರಿಗೆ ತಂದು ನೆಲೆಗೊಳಿಸಲಾಯಿತು. ದೋಣಿಯ ಜನ ದಡದ ಕೇರಿಯವರಾದರು. ಯಾಘನ್ ಮಾತಾಡುವ ಮಕ್ಕಳನ್ನು ಬೇರೆಯವರು ನೋಡಿ ನಕ್ಕರು. ಆ ನಗುವಿಗೆ ಅಂಜಿ ಮಕ್ಕಳು ಬಾಯಿ ಮುಚ್ಚಿಕೊಂಡರು. ಮಕ್ಕಳ ಅಪಮಾನವನ್ನು ಕಂಡ ತಾಯಂದಿರು ಅವರಿಗೆ ಆ ಮಾತನ್ನು ಕಲಿಸುವುದನ್ನೇ ನಿಲ್ಲಿಸಿದರು. ಕ್ರಿಸ್ತಿನಾ ಕಾಲ್ದೆರೋನ್ ಅವರ ಮಕ್ಕಳೂ ಅದನ್ನು ತಮ್ಮ ದಿನಬಳಕೆಯ ಮಾತಾಗಿ ಪಡೆಯಲಿಲ್ಲ. ತನ್ನ ಮಗುವಿಗೆ ಏಟು ಬೀಳದಿರಲಿ ಎಂದು ನಾಲಿಗೆಯನ್ನು ಕಚ್ಚಿಹಿಡಿದ ತಾಯಿಯನ್ನು ‘ಸ್ವಇಚ್ಛೆಯಿಂದ ಬಿಟ್ಟವಳು’ ಎಂದು ಕರೆಯುವುದಾದರೆ, ಕತ್ತಿಗೆ ಹಾಕಿದ ಕತ್ತಿಯನ್ನು ಕಂಡು ತಿಜೋರಿಯ ಬೀಗದ ಕೈ ಕೊಟ್ಟವನನ್ನು ದಾನಿ ಎಂದು ಕರೆಯಬೇಕಾದೀತು.

ಇನ್ನು ಪತ್ರಿಕೆಗಳು ಹೇಳುವ ಮರಣದಿನಾಂಕದ ವಿಚಾರ. 2022ರಲ್ಲಿ ಯಾಘನ್ ಭಾಷೆ ಸತ್ತಿತೇ? ಕ್ರಿಸ್ತಿನಾ ಅವರ ಅಕ್ಕ ಉರ್ಸುಲಾ 2003ರಲ್ಲಿ ತೀರಿಕೊಂಡರು. ಅತ್ತಿಗೆಯ ಸಂಬಂಧದ ಎಮೆಲಿಂಡಾ ಅಕುನ್ಯಾ 2005ರಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಹದಿನೇಳು ವರ್ಷ ಆ ಮಾತನ್ನು ಹುಟ್ಟಿನಿಂದ ಬಲ್ಲ ಎರಡನೆಯ ಜೀವ ಇರಲಿಲ್ಲ. ಮಾತೆಂಬುದು ಇಬ್ಬರ ನಡುವಿನ ವಸ್ತು. ಕೇಳಿ ಅದೇ ಸಲೀಸಿನಿಂದ ಮರುಮಾತಾಡುವವರಿಲ್ಲದೆ ಒಬ್ಬರೇ ಹದಿನೇಳು ವರ್ಷ ಹೊತ್ತುಕೊಂಡಿದ್ದ ಭಾಷೆಯ ಭಾರವೆಷ್ಟೆಂದು ಯೋಚಿಸಿ: ಬೈಯಲಿಕ್ಕೆ ಯಾರೂ ಇಲ್ಲ, ತಮಾಷೆ ಮಾಡಲಿಕ್ಕೆ ಯಾರೂ ಇಲ್ಲ, ‘ಆ ದಿನ ನೆನಪಿದೆಯೇನೇ’ ಎನ್ನಲಿಕ್ಕೆ ಯಾರೂ ಇಲ್ಲ. ನನ್ನ ಮಟ್ಟಿಗೆ ಆ ಭಾಷೆಗೆ ಪ್ರಾಣಾಂತಿಕ ಪೆಟ್ಟು ಬಿದ್ದದ್ದು ಅದಕ್ಕೂ ಅರ್ಧ ಶತಮಾನದಷ್ಟು ಹಿಂದೆ, ಯಾಘನ್ ಮನೆಗಳಲ್ಲಿ ಮಕ್ಕಳಿಗೆ ಬೇರೆ ಮಾತಿನಲ್ಲಿ ಜೋಗುಳ ಹಾಡಬೇಕಾಗಿ ಬಂದಾಗ. ಆ ದಿನಗಳಂದು ಯಾವ ಪತ್ರಿಕೆಯೂ ಶೀರ್ಷಿಕೆ ಬರೆಯಲಿಲ್ಲ. ‘ಕೊನೆಯ ಮಾತುಗಾರ್ತಿ’ ಎಂಬ ಶೀರ್ಷಿಕೆ ಮಾಡುವ ಮೋಸ ಇದೇ: ಭಾಷೆಯ ಸಾವನ್ನು ಒಬ್ಬ ಮುದುಕಿಯ ಮುಪ್ಪಿಗೆ ಕಟ್ಟಿ, ಕೊಂದವರೆಲ್ಲರನ್ನೂ ಶೋಕಸಭೆಯ ಮುಂದಿನ ಸಾಲಿನಲ್ಲಿ ಕೂರಿಸಿಬಿಡುತ್ತದೆ.

ಮೂರನೆಯ ಮಾತು: ‘ನಿಘಂಟು ಇದೆಯಲ್ಲ.’ ಇದೆ. ಅದರ ಕಥೆಯನ್ನೂ ಕೇಳಿ. 1898ರಲ್ಲಿ ಬ್ರಿಜಸ್ ಸತ್ತ ಮೇಲೆ ಹಸ್ತಪ್ರತಿ ಧ್ರುವಾನ್ವೇಷಕ ಫ್ರೆಡರಿಕ್ ಕುಕ್ ಎಂಬವನ ಕೈಸೇರಿತು. ಅವನು ಅದನ್ನು ತನ್ನದೇ ಕೃತಿಯೆಂಬಂತೆ ಅಚ್ಚುಹಾಕಿಸಲು ಹೊರಟಿದ್ದ. ಅದು ಬ್ರಿಜಸನ ಹೆಸರಿನಲ್ಲಿ ಆಸ್ಟ್ರಿಯಾ ದೇಶದಲ್ಲಿ ಅಚ್ಚಾದದ್ದು 1933ರಲ್ಲಿ. ಆ ವೇಳೆಗೆ ಆ ಪದಗಳನ್ನು ಆಡುವ ಜನ ನೂರಕ್ಕಿಂತ ಕಡಿಮೆಯಾಗಿದ್ದರು.

ನಮ್ಮ ಕಿಟೆಲರನ್ನು ಇಲ್ಲಿ ನೆನೆಯಬೇಕು. ಬ್ರಿಜಸನಂತೆಯೇ ಅವರೂ ಪಾದ್ರಿ, ಹೆಚ್ಚುಕಡಿಮೆ ಅದೇ ಕಾಲದವರು. ಅವನಂತೆಯೇ ಪರರ ಭಾಷೆಗೆ ಜೀವಮಾನವನ್ನು ಕೊಟ್ಟವರು. ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇಬ್ಬರ ಶ್ರಮವೂ ದೊಡ್ಡದು, ಇಬ್ಬರ ಗ್ರಂಥವೂ ಅಪೂರ್ವ. ಒಂದು ಭಾಷೆಯಲ್ಲಿ ಇಂದು ಕೋಟ್ಯಂತರ ಜನ ಜಗಳವಾಡುತ್ತಾರೆ, ಇನ್ನೊಂದು ಗ್ರಂಥಾಲಯದ ಕಪಾಟಿನಲ್ಲಿದೆ. ನಿಘಂಟೇ ಭಾಷೆಯನ್ನು ಉಳಿಸುವುದಾಗಿದ್ದರೆ ಎರಡೂ ಉಳಿಯಬೇಕಿತ್ತು. ಕಿಟೆಲರ ಪದಗಳ ಹಿಂದೆ ಊರುಗಳಿದ್ದವು, ಸಂತೆಗಳಿದ್ದವು, ಶಾಲೆಗಳಿದ್ದವು, ಮಕ್ಕಳಿದ್ದರು. ಬ್ರಿಜಸನ ಪದಗಳ ಹಿಂದಿದ್ದ ಜನರನ್ನು ದಡಾರ ಒಯ್ದಿತ್ತು. ಕನ್ನಡ ಉಳಿದದ್ದು ನಮ್ಮ ಪರಾಕ್ರಮದಿಂದ ಎಂದು ಬೀಗುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಸರ್ಕಾರಗಳ ಕಾಳಜಿಯ ಬಗೆಯನ್ನೂ ನೋಡಿ. ಚಿಲಿ ದೇಶ ಯಾಘನ್ನರನ್ನು ಮೂಲನಿವಾಸಿ ಸಮುದಾಯವೆಂದು ಕಾನೂನಿನಲ್ಲಿ ಹೆಸರಿಸಿದ್ದು 1993ರಲ್ಲಿ. ಆಗ ಭಾಷೆ ಬಲ್ಲ ವೃದ್ಧರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕ್ರಿಸ್ತಿನಾ ಅವರಿಗೆ ‘ಜೀವಂತ ಮಾನವ ನಿಧಿ’ ಎಂಬ ಗೌರವ ಕೊಟ್ಟದ್ದು 2009ರಲ್ಲಿ, ಅವರು ಒಂಟಿಯಾಗಿ ನಾಲ್ಕು ವರ್ಷವಾದ ಮೇಲೆ. ನೆರೆಯ ಸೆಲ್ಕ್‌ನಾಮರಿಗೆ ಅದೇ ಕಾನೂನಿನ ಮನ್ನಣೆ ದೊರೆತದ್ದು 2023ರಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!

ಹಾಗೆಂದು ಎಲ್ಲವೂ ಮುಗಿಯಿತೆಂದು ಕೈಮುಗಿದು ಕೂರುವುದನ್ನೂ ನಾನು ಒಪ್ಪುವುದಿಲ್ಲ. ‘ಅಳಿದುಹೋಯಿತು’ ಎಂಬ ಶೀರ್ಷಿಕೆಯ ಇನ್ನೊಂದು ಅನ್ಯಾಯ ಇಲ್ಲಿದೆ. ಭಾಷೆ ಅಳಿಯಿತೆಂದರೆ ಓದುಗನ ಮನಸ್ಸಿನಲ್ಲಿ ಜನರೂ ಅಳಿದರೆಂದೇ ಅರ್ಥ. ಅಳಿದವರಿಗೆ ನೆಲದ ಹಕ್ಕೇಕೆ, ಕಡಲಿನ ಹಕ್ಕೇಕೆ? ಆದರೆ 2017ರ ಚಿಲಿಯ ಜನಗಣತಿಯಲ್ಲಿ ತಾವು ಯಾಘನ್ನರೆಂದು ಹೇಳಿಕೊಂಡವರು 1,600 ಮಂದಿ. ಕ್ರಿಸ್ತಿನಾ ಅವರ ಮಗಳು ಲಿಡಿಯಾ ಗೊನ್ಸಾಲೆಸ್ 2021ರಲ್ಲಿ ಚಿಲಿಯ ಸಂವಿಧಾನ ರಚನಾ ಸಭೆಗೆ ಯಾಘನ್ನರ ಪ್ರತಿನಿಧಿಯಾಗಿ ಆಯ್ಕೆಯಾದರು. ತಮ್ಮ ಕಡಲಿನಲ್ಲಿ ಸಾಲ್ಮನ್ ಮೀನಿನ ಸಾಕಣೆ ಬೇಡವೆಂದು ಬೀಗಲ್ ಕಾಲುವೆಯ ಯಾಘನ್ನರು ಹೋರಾಡಿದರು. ಆ ಕಾಲುವೆಯ ಅರ್ಜೆಂಟೀನದ ಭಾಗದಲ್ಲಿ ಅಂಥ ಸಾಕಣೆಯನ್ನು 2021ರಲ್ಲಿ ಕಾನೂನಿನಿಂದಲೇ ನಿಷೇಧಿಸಲಾಯಿತು. ಮೊಮ್ಮಗಳು ಕ್ರಿಸ್ತಿನಾ ಸಾರ್ರಾಗಾ ಅಜ್ಜಿಯಂದಿರ ಬಾಯಿಂದ ಕೇಳಿದ ಕಥೆಗಳನ್ನು 2005ರಲ್ಲಿ ಪುಸ್ತಕವಾಗಿ ಹೊರತಂದರು. ಅಜ್ಜಿಯಿಂದ ಮಾತನ್ನೂ ಕಲಿತರು. ಕಪಾಟಿನಲ್ಲಿರುವ ನಿಘಂಟು ತಾನಾಗಿ ಮಾತಾಡದು, ನಿಜ. ಆದರೆ ಅದನ್ನು ತೆಗೆದು ಓದುವ ಮೊಮ್ಮಕ್ಕಳಿದ್ದರೆ ಅದು ಬಿತ್ತನೆಯ ಕಾಳು. ಆ ಮಕ್ಕಳಿಗೆ ಬೇಕಾಗಿರುವುದು ಜಗತ್ತಿನ ಕಣ್ಣೀರಲ್ಲ. ಶಿಕ್ಷಕರು, ಪುಸ್ತಕಗಳು, ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಅವಧಿ, ಮತ್ತು ತಮ್ಮ ಕಡಲಿನಲ್ಲಿ ದೋಣಿ ಬಿಡುವ ಹಕ್ಕು.

ಇದೆಲ್ಲ ಭೂಗೋಳದ ಆಚೆ ತುದಿಯ ಮಾತೆಂದು ನೀವು ಪುಟ ಮಗುಚಬಾರದು. 2010ರ ಜನವರಿಯಲ್ಲಿ ನಮ್ಮದೇ ದೇಶದ ಅಂಡಮಾನಿನಲ್ಲಿ ಬೋವಾ ಎಂಬ ಅಜ್ಜಿ ತೀರಿಕೊಂಡಾಗ ‘ಬೋ’ ಭಾಷೆಯ ಬಗ್ಗೆ ಪತ್ರಿಕೆಗಳು ಇದೇ ಶೀರ್ಷಿಕೆಯನ್ನು ಬರೆದಿದ್ದವು. ಯುನೆಸ್ಕೊ ಸಂಸ್ಥೆಯ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಕರ್ನಾಟಕದ ಕೊಡವ, ತುಳು, ಕೊರಗ ಭಾಷೆಗಳ ಹೆಸರುಗಳಿವೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಆದ್ದರಿಂದ ಈ ಕಥೆಯಲ್ಲಿ ನಾವು ಯಾವಾಗಲೂ ಯಾಘನ್ನರ ಸ್ಥಾನದಲ್ಲಿದ್ದೇವೆಂದು ಭಾವಿಸಿ ಕಣ್ಣೊರೆಸಿಕೊಳ್ಳುವುದು ಪೂರ್ಣ ಪ್ರಾಮಾಣಿಕವಲ್ಲ. ಹಾಡಿಯಿಂದ, ತಾಂಡಾದಿಂದ, ಕೊರಗರ ಕೇರಿಯಿಂದ ಬರುವ ಮಗುವಿನ ಎದುರಿಗೆ ಕನ್ನಡವೇ ಸ್ಪ್ಯಾನಿಷ್.

ನನ್ನ ವಿದ್ಯಾರ್ಥಿಗಳಲ್ಲಿ ಮೂವತ್ತು ನಲವತ್ತು ಮಂದಿಯಾದರೂ ಇಂದು ಶಿಕ್ಷಕರಾಗಿದ್ದೀರಿ. ನಿಮಗೆ ನೇರವಾಗಿ ಹೇಳುತ್ತೇನೆ. ನಿಮ್ಮ ತರಗತಿಯಲ್ಲಿ ಒಂದು ಮಗು ಮನೆಮಾತಿನಲ್ಲಿ ಉತ್ತರಿಸಿದಾಗ ಉಳಿದವರು ನಕ್ಕರೆ, ಪಾಠವನ್ನು ಅಲ್ಲಿಯೇ ನಿಲ್ಲಿಸಿ. ಆ ಮಾತನ್ನು ಕರಿಹಲಗೆಯ ಮೇಲೆ ಬರೆದು, ಅದರ ಅರ್ಥವನ್ನು ಆ ಮಗುವಿನಿಂದಲೇ ಎಲ್ಲರಿಗೂ ಹೇಳಿಸಿ. ಪಠ್ಯ ಮುಗಿಯುವುದು ಒಂದು ದಿನ ತಡವಾದರೆ ಆಗಲಿ. ಉಕಿಕಾದ ಮಕ್ಕಳ ಸುತ್ತ ನಕ್ಕವರನ್ನು ತಡೆಯುವ ಒಬ್ಬ ಮೇಷ್ಟ್ರು ಅಂದು ಇದ್ದಿದ್ದರೆ, ಕ್ರಿಸ್ತಿನಾ ಅವರಿಗೆ ಕೊನೆಯ ಹದಿನೇಳು ವರ್ಷ ಮಾತಾಡಲು ಯಾರಾದರೂ ಇರುತ್ತಿದ್ದರೇನೋ.